ಹಾರಾಟ ನಿಂತ ಮೇಲೆ ಸಂಬಳ ಎಷ್ಟು? ಗಗನಸಖಿಯರ ಹೆರಿಗೆ ರಜೆ, ಕಾಯಿಲೆ ರಜೆಯ ಲೆಕ್ಕ

ಮೈಸೂರು, ಮಂಡ್ಯದ ಎಷ್ಟೋ ಮನೆಗಳಲ್ಲಿ ಸರ್ಕಾರಿ ನೌಕರಿಯ ರಜೆ ನಿಯಮ ಬಾಯಿಪಾಠ. ಹೆರಿಗೆಗೆ 180 ದಿನ ಪೂರ್ತಿ ಸಂಬಳ, ಅಪ್ಪನಾದವನಿಗೆ 15 ದಿನ, 2021ರಿಂದ ರಾಜ್ಯ ಸರ್ಕಾರದ ಮಹಿಳಾ ನೌಕರರಿಗೆ ಆರು ತಿಂಗಳ ಶಿಶುಪಾಲನಾ ರಜೆ ಬೇರೆ. ಹಾಗಾಗಿ ವಿಮಾನದ ಕೆಲಸದಲ್ಲಿರುವ ಮಗಳು ಬಸುರಿ ಎಂದು ಗೊತ್ತಾದಾಗ ಮನೆಯವರೂ ಇದೇ ಲೆಕ್ಕ ಹಾಕುತ್ತಾರೆ: ಆರು ತಿಂಗಳು ರಜೆ, ಸಂಬಳಕ್ಕೆ ಚಿಂತೆ ಇಲ್ಲ. ರಜೆಯ ಮಾತು ನಿಜ. ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿಯ ನಂತರ ಖಾಸಗಿ ಕಂಪನಿಯವರಿಗೂ ಮೊದಲ ಎರಡು ಮಕ್ಕಳಿಗೆ 26 ವಾರ ಸಿಗುತ್ತದೆ. ಸಂಬಳದ ಮಾತು ಮಾತ್ರ ಅಷ್ಟು ಸರಳವಲ್ಲ. ಗಗನಸಖಿಯ ಸಂಬಳ ಒಂದೇ ಮೊತ್ತವಲ್ಲ, ಎರಡು ತುಂಡು. ರಜೆಯಲ್ಲಿ ಒಂದು ತುಂಡು ಮಾತ್ರ ಬರುತ್ತದೆ.

ಪೇ ಸ್ಲಿಪ್ ತೆಗೆದು ನೋಡಿದರೆ ಇದು ಕಾಣುತ್ತದೆ. ಮೇಲೆ ಮೂಲ ವೇತನ, ಮನೆ ಬಾಡಿಗೆ ಭತ್ಯೆ, ವಿಶೇಷ ಭತ್ಯೆ. ಇವು ತಿಂಗಳು ತಿಂಗಳು ಬದಲಾಗದ ಭಾಗ. ಕೆಳಗೆ ಹಾರಾಟದ ಗಂಟೆಗಿಷ್ಟು ಎಂದು ಸಿಗುವ ಫ್ಲೈಯಿಂಗ್ ಅಲೊವನ್ಸ್, ಹೊರ ಊರಲ್ಲಿ ತಂಗಿದ್ದಕ್ಕೆ ಲೇಓವರ್ ಭತ್ಯೆ, ಕೆಲವು ಕಂಪನಿಗಳಲ್ಲಿ ವಿಮಾನದೊಳಗೆ ಮಾರಿದ ತಿಂಡಿ, ಸಾಮಾನಿನ ಮೇಲಿನ ಕಮಿಷನ್. ಈ ಎರಡನೇ ಭಾಗ ಕೈಗೆ ಬರುವ ಹಣದ ಅರ್ಧದ ಹತ್ತಿರ ಇರುವುದೂ ಉಂಟು. ವಿಮಾನ ಹತ್ತದಿದ್ದರೆ ಅದು ಸೊನ್ನೆ. ಹೆರಿಗೆ, ಕಾಯಿಲೆ, ಮನೆಯವರ ಆರೈಕೆ, ಕಾರಣ ಯಾವುದಾದರೂ ಸರಿ, ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ‘ಎಷ್ಟು ದಿನ ರಜೆ’ ಎಂದಲ್ಲ, ‘ಯಾವ ಮೊತ್ತದ ಮೇಲೆ ರಜೆ ಸಂಬಳ’ ಎಂದು.

ನಡುವಿನ 24 ವಾರ

ಮೇಜಿನ ಕೆಲಸ ಮಾಡುವವರಿಗೆ ಇಲ್ಲದ ಒಂದು ತೊಡಕು ಗಗನಸಖಿಯರಿಗಿದೆ. ಬ್ಯಾಂಕಿನಲ್ಲಿರುವ ಹೆಣ್ಣುಮಗಳು ಎಂಟು ತಿಂಗಳವರೆಗೂ ಕೆಲಸಕ್ಕೆ ಹೋಗುತ್ತಾಳೆ, ಆಮೇಲೆ ರಜೆ ಹಾಕುತ್ತಾಳೆ. ಗಗನಸಖಿಯನ್ನು ಗರ್ಭ ಖಚಿತವಾದ ಕೂಡಲೇ ಹಾರಾಟಕ್ಕೆ ತಾತ್ಕಾಲಿಕವಾಗಿ ಅನರ್ಹಳೆಂದು ಗುರುತಿಸಿ ರೋಸ್ಟರ್‌ನಿಂದ, ಅಂದರೆ ಡ್ಯೂಟಿ ಪಟ್ಟಿಯಿಂದ, ತೆಗೆಯುತ್ತಾರೆ. ಇದರಲ್ಲಿ ಅನ್ಯಾಯವೇನಿಲ್ಲ. ವಿಮಾನ ಕುಲುಕಿದಾಗ ಬೀಳುವ ಅಪಾಯವಿದೆ, ಭಾರದ ಟ್ರಾಲಿ ಎಳೆಯುವುದಿದೆ, ಎತ್ತರದಲ್ಲಿ ಕಾಸ್ಮಿಕ್ ವಿಕಿರಣವೂ ಹೆಚ್ಚು. ಹೊಟ್ಟೆಯಲ್ಲಿರುವ ಮಗುವಿಗೆ ಗರ್ಭದ ಉಳಿದ ಅವಧಿಯಲ್ಲಿ ವಿಕಿರಣ 1 ಮಿಲಿಸೀವರ್ಟ್ (ವಿಕಿರಣದ ಅಳತೆ) ಮೀರಬಾರದೆಂದು ಅಂತರರಾಷ್ಟ್ರೀಯ ವಿಕಿರಣ ರಕ್ಷಣಾ ಆಯೋಗ ಹೇಳುತ್ತದೆ.

ಆದರೆ ಕಾನೂನಿನ ಹೆರಿಗೆ ರಜೆ ಆಗಲೇ ಶುರುವಾಗುವುದಿಲ್ಲ. 26 ವಾರಗಳಲ್ಲಿ ಹೆರಿಗೆಗೆ ಮೊದಲು ತೆಗೆದುಕೊಳ್ಳಬಹುದಾದದ್ದು ಹೆಚ್ಚೆಂದರೆ 8 ವಾರ. ಅಂದರೆ ಸುಮಾರು 32ನೇ ವಾರದಿಂದ. ಎಂಟನೇ ವಾರಕ್ಕೆ ಹಾರಾಟ ನಿಂತರೆ ನಡುವೆ 24 ವಾರ, ಅಂದರೆ ಐದೂವರೆ ತಿಂಗಳು, ಖಾಲಿ ಉಳಿಯುತ್ತದೆ. ಈ ಅವಧಿಗೆ ಸಂಬಳ ಎಲ್ಲಿಂದ ಬರಬೇಕು ಎಂದು ಹೆರಿಗೆ ರಜೆಯ ಕಾನೂನು ಹೇಳುವುದಿಲ್ಲ. ಅದು ಕಂಪನಿಯ ನಿಯಮ ಪುಸ್ತಕಕ್ಕೆ ಬಿಟ್ಟದ್ದು. ಕೆಲವರು ತರಬೇತಿ ಕೇಂದ್ರದಲ್ಲೋ ಕಚೇರಿಯಲ್ಲೋ ಗ್ರೌಂಡ್ ಡ್ಯೂಟಿ ಕೊಟ್ಟು ಬದಲಾಗದ ಭಾಗದ ಸಂಬಳ ಕೊಡುತ್ತಾರೆ. ಕೆಲವರು ಉಳಿದಿರುವ ಗಳಿಕೆ ರಜೆ, ಕಾಯಿಲೆ ರಜೆ ಮುಗಿಸಲು ಹೇಳಿ, ಆಮೇಲೆ ಸಂಬಳವಿಲ್ಲದ ರಜೆಗೆ ಕಳಿಸುತ್ತಾರೆ.

ಸಂಬಳವಿಲ್ಲದ ರಜೆಗೆ ಸುಮ್ಮನೆ ಸಹಿ ಹಾಕಬಾರದು. ‘ಹೇಗೂ ತವರಿಗೆ ಹೋಗುವುದೇ ತಾನೆ, ಈಗಲೇ ಹೋದರಾಯಿತು’ ಎಂದುಕೊಂಡರೆ ಐದು ತಿಂಗಳ ಸಂಬಳ ಹೋಗುವುದರ ಜೊತೆಗೆ ಮುಂದಿನ 26 ವಾರಗಳ ಹಣವೂ ಅಲುಗಾಡುತ್ತದೆ. ಕಾರಣ ಎರಡು.

ಒಂದು, 80 ದಿನದ ಷರತ್ತು. ವೈದ್ಯರು ಕೊಟ್ಟ ಹೆರಿಗೆ ದಿನಾಂಕದಿಂದ ಹಿಂದಕ್ಕೆ 12 ತಿಂಗಳಲ್ಲಿ ಕನಿಷ್ಠ 80 ದಿನ ಆ ಕಂಪನಿಯಲ್ಲಿ ಕೆಲಸ ಮಾಡಿರಬೇಕು. ವರ್ಷಕ್ಕೆ 80 ದಿನ ಯಾವ ಲೆಕ್ಕ ಅನ್ನಿಸುತ್ತದೆ. ಎಣಿಸಿ ನೋಡಿ. ಗರ್ಭದ ವಾರಗಳನ್ನು ಕೊನೆಯ ಮುಟ್ಟಿನಿಂದ ಎಣಿಸುವುದರಿಂದ ಹೆರಿಗೆ ದಿನಾಂಕ 40ನೇ ವಾರಕ್ಕೆ ಬರುತ್ತದೆ. ಅಲ್ಲಿಂದ 52 ವಾರ ಹಿಂದೆ ಹೋದರೆ ಮುಟ್ಟಿಗೂ 12 ವಾರ ಮೊದಲು. ಎಂಟನೇ ವಾರಕ್ಕೆ ಕೆಲಸ ನಿಂತರೆ ಕೈಯಲ್ಲಿರುವುದು 20 ವಾರ ಮಾತ್ರ. ವಾರಕ್ಕೆ ನಾಲ್ಕು ದಿನ ಡ್ಯೂಟಿ ಎಂದರೆ ಸರಿಯಾಗಿ 80. ನಡುವೆ ತಂಗಿಯ ಮದುವೆಗೆಂದು ಹತ್ತು ದಿನ ರಜೆ ಹಾಕಿದ್ದರೆ, ಕೆಲಸಕ್ಕೆ ಸೇರಿದ್ದೇ ಇತ್ತೀಚೆಗಾದರೆ, ಲೆಕ್ಕ ತಪ್ಪುತ್ತದೆ. ಸ್ಟ್ಯಾಂಡ್‌ಬೈ (ಕರೆದರೆ ಹೊರಡಲು ಸಿದ್ಧವಿರಬೇಕಾದ ದಿನ), ತರಬೇತಿಯ ದಿನಗಳು ರೋಸ್ಟರ್‌ನಲ್ಲಿ ಕೆಲಸದ ದಿನವೆಂದೇ ದಾಖಲಾಗಿವೆಯೇ ನೋಡಿ, ಆ ತಿಂಗಳುಗಳ ರೋಸ್ಟರ್ ಇಳಿಸಿ ಇಟ್ಟುಕೊಳ್ಳಿ. ಕಂಪನಿಯ ಆ್ಯಪ್‌ನಲ್ಲಿ ಹಳೆಯದು ಬಹುಕಾಲ ಉಳಿಯುತ್ತದೆಂದು ನಂಬಬೇಡಿ.

ಎರಡು, ಸರಾಸರಿ. ಹೆರಿಗೆ ರಜೆಯ ಹಣವನ್ನು ರಜೆಗೆ ಹಿಂದಿನ ಮೂರು ಕ್ಯಾಲೆಂಡರ್ ತಿಂಗಳಲ್ಲಿ ಕೆಲಸ ಮಾಡಿದ ದಿನಗಳ ಸರಾಸರಿ ದಿನಗೂಲಿಯ ಮೇಲೆ ಕಟ್ಟುತ್ತಾರೆ. ಆ ಮೂರು ತಿಂಗಳು ಹಾರಾಟವಿಲ್ಲದೆ ಗ್ರೌಂಡ್ ಡ್ಯೂಟಿಯಲ್ಲಿದ್ದರೆ ಫ್ಲೈಯಿಂಗ್ ಅಲೊವನ್ಸ್ ಸರಾಸರಿಗೆ ಸೇರುವುದೇ ಇಲ್ಲ. ಲೆಕ್ಕಕ್ಕೆಂದು ಒಂದು ಮೊತ್ತ ಇಟ್ಟುಕೊಳ್ಳೋಣ: ಬದಲಾಗದ ಭಾಗ 32,000, ಹಾರಾಟದ ಭಾಗ 24,000, ಒಟ್ಟು 56,000 ರೂಪಾಯಿ. ಮನೆಯವರು ಆರು ತಿಂಗಳಿಗೆ 3,36,000 ಬರುತ್ತದೆಂದು ಲೆಕ್ಕ ಹಾಕಿರುತ್ತಾರೆ, ಬರುವುದು 1,92,000. ವ್ಯತ್ಯಾಸ 1,44,000. ಬಾಣಂತನದ ಖರ್ಚು, ಬೆಂಗಳೂರಿನ ಮನೆ ಬಾಡಿಗೆ, ತರಬೇತಿಗೆ ಮಾಡಿದ ಸಾಲದ ಕಂತು ಎಲ್ಲ ಇದರಲ್ಲೇ ಆಗಬೇಕು. ಸಂಬಳವಿಲ್ಲದ ರಜೆಯಲ್ಲಿದ್ದು ಮೂರು ತಿಂಗಳು ಒಂದು ದಿನವೂ ಕೆಲಸವೇ ಇಲ್ಲದಿದ್ದರೆ ಸರಾಸರಿ ಯಾವುದರ ಮೇಲೆ ಎಂಬುದೇ ಜಗಳವಾಗುತ್ತದೆ.

ಇದಕ್ಕೆ ಮಾಡಬೇಕಾದದ್ದು ಇಷ್ಟು. ಗರ್ಭದ ವಿಷಯ ಕಂಪನಿಗೆ ತಿಳಿಸುವ ಇಮೇಲ್‌ನಲ್ಲೇ ಗ್ರೌಂಡ್ ಡ್ಯೂಟಿ ಕೇಳಿ. ಫೋನಿನಲ್ಲಿ ಬೇಡ. ಇಲ್ಲವೆಂದರೆ ಆ ಉತ್ತರವೂ ಬರಹದಲ್ಲಿ ಬರಲಿ. ಭತ್ಯೆಯ ಆಸೆಗೆ ಗರ್ಭ ಮುಚ್ಚಿಟ್ಟು ಇನ್ನೆರಡು ತಿಂಗಳು ಹಾರುವವರೂ ಇದ್ದಾರೆ. ಅದು ಬೇಡ. ಮಗುವಿಗೂ ಒಳ್ಳೆಯದಲ್ಲ, ಎದ್ದು ಓಡಬೇಕಾದ ತುರ್ತಿನಲ್ಲಿ ಪ್ರಯಾಣಿಕರಿಗೂ ಒಳ್ಳೆಯದಲ್ಲ, ನಾಳೆ ಏನಾದರೂ ಆದರೆ ಕಂಪನಿಯ ಎದುರು ನಿಲ್ಲಲು ನೆಲೆಯೂ ಇರುವುದಿಲ್ಲ.

ಗ್ರೌಂಡ್ ಡ್ಯೂಟಿ ಸಿಕ್ಕಿ ಆರೋಗ್ಯವೂ ಸರಿಯಿದ್ದರೆ 32ನೇ ವಾರಕ್ಕೇ ರಜೆ ಶುರು ಮಾಡಬೇಕೆಂದೇನಿಲ್ಲ. 36ಕ್ಕೆ ಶುರು ಮಾಡಿದರೆ ಹೆರಿಗೆಯ ನಂತರ 22 ವಾರ ಉಳಿಯುತ್ತದೆ. ರಜೆಯ ದಿನ ಎಣಿಸುವಾಗ ವಾರದ ರಜೆಯೂ ಸೇರಿ ಏಳು ದಿನವೂ ಲೆಕ್ಕ, ಹಣವೂ ಏಳು ದಿನಕ್ಕೇ. ಭಾನುವಾರಗಳನ್ನು ಕಳೆಯುವಂತಿಲ್ಲವೆಂದು ಸುಪ್ರೀಂ ಕೋರ್ಟ್ 1977ರಲ್ಲೇ ಹೇಳಿದೆ. 26 ವಾರ ಎಂದರೆ 182 ದಿನದ ಹಣ.

ಹೊಸ ಸಂಹಿತೆ ಬಂದ ಮೇಲೆ

1961ರ ಹೆರಿಗೆ ಸೌಲಭ್ಯ ಕಾಯ್ದೆ ಈಗ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿದೆ. ಸಂಹಿತೆ 2025ರ ನವೆಂಬರ್ 21ರಿಂದ ಜಾರಿಯಲ್ಲಿದೆ. ವಾರಗಳ ಲೆಕ್ಕ ಬದಲಾಗಿಲ್ಲ: ಎರಡು ಮಕ್ಕಳಿರುವವರಿಗೆ ಮುಂದಿನ ಹೆರಿಗೆಗೆ 12 ವಾರ, ಗರ್ಭಪಾತವಾದರೆ ಅದರ ಮರುದಿನದಿಂದ 6 ವಾರ, ಗರ್ಭ ಅಥವಾ ಹೆರಿಗೆಯಿಂದ ಕಾಯಿಲೆಯಾದರೆ ಇನ್ನೊಂದು ತಿಂಗಳು. ಕಂಪನಿ ಪುಕ್ಕಟೆ ಹೆರಿಗೆ ಆರೈಕೆ ಕೊಡದಿದ್ದರೆ 3,500 ರೂಪಾಯಿ ವೈದ್ಯಕೀಯ ಬೋನಸ್. ಗರ್ಭಪಾತದ 6 ವಾರ ಎಷ್ಟೋ ಜನರಿಗೆ ಗೊತ್ತೇ ಇಲ್ಲ. ಎರಡು ದಿನ ಕಾಯಿಲೆ ರಜೆ ಹಾಕಿ ಮತ್ತೆ ರೋಸ್ಟರ್‌ಗೆ ಹೋಗಿಬಿಡುತ್ತಾರೆ. ಆಸ್ಪತ್ರೆಯ ಡಿಸ್ಚಾರ್ಜ್ ಪತ್ರ ಅಥವಾ ಸ್ಕ್ಯಾನಿಂಗ್ ವರದಿ ಇದ್ದರೆ ಅದು ಹಕ್ಕಿನ ರಜೆ.

ಬದಲಾದದ್ದು ‘ವೇತನ’ ಎಂಬುದರ ವ್ಯಾಖ್ಯಾನ. ಮನೆ ಬಾಡಿಗೆ ಭತ್ಯೆ, ಪ್ರಯಾಣ ಭತ್ಯೆ, ಕಮಿಷನ್, ಓವರ್‌ಟೈಮ್, ಕೆಲಸದ ವಿಶೇಷ ಖರ್ಚಿಗೆಂದು ಕೊಡುವ ಹಣ ಇಂಥವನ್ನು ವೇತನದಿಂದ ಹೊರಗಿಡಬಹುದು. ಆದರೆ ಹೊರಗಿಟ್ಟದ್ದೆಲ್ಲ ಸೇರಿ ಒಟ್ಟು ಸಂಭಾವನೆಯ ಅರ್ಧ ಮೀರಿದರೆ, ಮೀರಿದಷ್ಟು ಮತ್ತೆ ವೇತನಕ್ಕೇ ಸೇರುತ್ತದೆ. ಮೇಲಿನ ಉದಾಹರಣೆಯ 32,000ದಲ್ಲಿ ಮೂಲ ವೇತನ 12,000 ಮಾತ್ರ ಇದ್ದು, ಹೆರಿಗೆ ರಜೆಯ ಹಣವನ್ನೂ ಅದರ ಮೇಲೆಯೇ ಕೊಡುತ್ತೇವೆ ಎಂದರೆ ಒಪ್ಪಬೇಕಿಲ್ಲ. ಕಡಿಮೆಯೆಂದರೂ 16,000 ಲೆಕ್ಕಕ್ಕೆ ಬರಲೇಬೇಕು. ‘ವಿಶೇಷ ಭತ್ಯೆ’ ಎಂಬ ಹೆಸರಿನದು ಹೊರಗಿಡುವ ಪಟ್ಟಿಯಲ್ಲೇ ಇಲ್ಲ, ಹಾಗಾಗಿ ಅದೂ ಸೇರುತ್ತದೆ. ಹಾರಾಟದ ಭತ್ಯೆಗೆ ಕಂಪನಿ ಏನು ಹೆಸರಿಟ್ಟಿದೆ ಎಂಬುದೂ ಇಲ್ಲಿ ಮುಖ್ಯ. ಗಂಟೆಯ ಸಂಭಾವನೆ ಎಂದಿದ್ದರೆ ಒಂದು ದಾರಿ, ಊಟ-ವಸತಿ ಖರ್ಚು ಎಂದಿದ್ದರೆ ಇನ್ನೊಂದು.

ಕೆಲಸ ಹೋಗುವ ಭಯದ ಬಗ್ಗೆ ಒಂದು ಮಾತು. ಹಿಂದೆ ಏರ್ ಇಂಡಿಯಾದಲ್ಲಿ ಮೊದಲ ಬಸಿರಿಗೇ ಕೆಲಸ ಬಿಡಬೇಕೆಂಬ ನಿಯಮವಿತ್ತು. ಗಗನಸಖಿ ನರ್ಗೇಶ್ ಮಿರ್ಜಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1981ರಲ್ಲಿ ಅದನ್ನು ತೆಗೆದುಹಾಕಿತು. (ಸೇರಿದ ನಾಲ್ಕು ವರ್ಷದೊಳಗೆ ಮದುವೆಯಾಗಬಾರದೆಂಬ ನಿಯಮವನ್ನು ಅದೇ ತೀರ್ಪು ಉಳಿಸಿತು ಎಂಬುದನ್ನು ಇಂದು ಓದಿದರೆ ಬೇಸರವಾಗುತ್ತದೆ.) ಈಗ ಹೆರಿಗೆ ರಜೆಯಲ್ಲಿರುವವಳನ್ನು ಆ ಕಾರಣಕ್ಕೆ ತೆಗೆಯುವುದೂ, ಅವಳಿಗೆ ನಷ್ಟವಾಗುವಂತೆ ಷರತ್ತು ಬದಲಿಸುವುದೂ ಕಾನೂನಿಗೆ ವಿರುದ್ಧ. ಇಷ್ಟು ವರ್ಷದ ಕರಾರಿನ ಮೇಲೆ ಸೇರಿದ್ದು, ರಜೆಯ ನಡುವೆ ಕರಾರು ಮುಗಿದರೂ ಹೆರಿಗೆ ಸೌಲಭ್ಯ ನಿಲ್ಲಿಸುವಂತಿಲ್ಲವೆಂದು 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ತವರಿನಿಂದ ಕಳಿಸುವ ಕಾಗದ

ಕೆಲಸ ಬೆಂಗಳೂರು, ದೆಹಲಿ, ಮುಂಬೈ ಬೇಸ್‌ನಲ್ಲಿ, ಅಂದರೆ ಡ್ಯೂಟಿ ಶುರುವಾಗಿ ಮುಗಿಯುವ ಊರಿನಲ್ಲಿ. ಹೆರಿಗೆ ಚೆಲುವಾಂಬ ಆಸ್ಪತ್ರೆಯಲ್ಲೋ ಮಂಡ್ಯದ ಮಿಮ್ಸ್‌ನಲ್ಲೋ ಮನೆ ಹತ್ತಿರದ ನರ್ಸಿಂಗ್ ಹೋಮ್‌ನಲ್ಲೋ. ಗಂಟು ಬೀಳುವುದು ಹೆಚ್ಚಾಗಿ ಇಲ್ಲೇ, ಅದರಲ್ಲೂ ಹೆಸರಿನಲ್ಲಿ. ನಮ್ಮ ಕಡೆ ಹೆಸರಿನ ಜೊತೆಗಿರುವುದು ಇನಿಷಿಯಲ್. ಪಾಸ್‌ಪೋರ್ಟ್ ಮಾಡಿಸುವಾಗ ಅದನ್ನು ಬಿಡಿಸಿ ಅಪ್ಪನ ಹೆಸರನ್ನೋ ಊರಿನ ಹೆಸರನ್ನೋ ಸರ್‌ನೇಮ್ ಆಗಿ ಹಾಕಿರುತ್ತಾರೆ. ಕಂಪನಿಯ ದಾಖಲೆ ಪಾಸ್‌ಪೋರ್ಟ್‌ನಂತೆ, ತಾಯಿ ಕಾರ್ಡ್ ಆಧಾರ್‌ನಂತೆ, ಆಸ್ಪತ್ರೆಯ ಚೀಟಿಯಲ್ಲಿ ಗಂಡನ ಹೆಸರು ಸೇರಿಸಿ ಮೂರನೆಯ ಬಗೆ. ಮೂರೂ ಬೇರೆಯಾದರೆ ಎಚ್‌ಆರ್‌ನವರು ವಾಪಸ್ ಕಳಿಸುತ್ತಾರೆ. ಮೊದಲ ತಪಾಸಣೆಗೆ ಹೋದಾಗಲೇ ಪಾಸ್‌ಪೋರ್ಟ್‌ನ ಹೆಸರು ಕೊಟ್ಟು ಫೈಲ್ ಮಾಡಿಸಿದರೆ ಇದಿಷ್ಟೂ ತಪ್ಪುತ್ತದೆ.

ವೈದ್ಯರ ಪತ್ರದಲ್ಲಿ ಗರ್ಭದ ವಾರ, ನಿರೀಕ್ಷಿತ ಹೆರಿಗೆ ದಿನಾಂಕ, ವೈದ್ಯರ ನೋಂದಣಿ ಸಂಖ್ಯೆ ಮತ್ತು ಮೊಹರು ಇರಬೇಕು. ರಜೆಯ ನೋಟಿಸ್‌ನಲ್ಲಿ ಯಾವ ದಿನದಿಂದ ರಜೆ, ಹಣ ಯಾರಿಗೆ ಸೇರಬೇಕು ಎಂಬುದು ಬರಬೇಕು. ಹೆರಿಗೆಗೆ ಮುಂಚಿನ ಅವಧಿಯ ಹಣವನ್ನು ಗರ್ಭದ ಪುರಾವೆ ಕೊಟ್ಟಾಗ ಮುಂಗಡವಾಗಿ, ಉಳಿದದ್ದನ್ನು ಹೆರಿಗೆಯ ಪುರಾವೆ ಸಿಕ್ಕ 48 ಗಂಟೆಯೊಳಗೆ ಕೊಡಬೇಕೆಂಬುದು ನಿಯಮ. ಕಂಪನಿಗಳು ಸಾಮಾನ್ಯವಾಗಿ ತಿಂಗಳ ಸಂಬಳದಂತೆ ಹಾಕುತ್ತವೆ. ಸರಿಯಾಗಿ ಬರುತ್ತಿದ್ದರೆ ಅದಕ್ಕೆ ಹಟ ಬೇಡ. ನೋಟಿಸ್ ಕೊಡುವುದು ತಡವಾಯಿತು ಎಂಬ ಒಂದೇ ಕಾರಣಕ್ಕೆ ಹಕ್ಕು ಹೋಗುವುದಿಲ್ಲ. ಮಗುವಿನ ಜನನ ನೋಂದಣಿ 21 ದಿನದೊಳಗೆ ಆಗಲಿ. ಗುಂಪು ಆರೋಗ್ಯ ವಿಮೆಗೆ ಮಗುವನ್ನು ಸೇರಿಸಲು ಗಡುವಿರುತ್ತದೆ, ಬಾಣಂತನದ ಗಡಿಬಿಡಿಯಲ್ಲಿ ಅದು ಮರೆತೇಹೋಗುತ್ತದೆ. ವಿಮೆಯಲ್ಲಿ ಹೆರಿಗೆಗೆ ಪ್ರತ್ಯೇಕ ಮಿತಿ ಇರುವುದರಿಂದ, ಐದು ಲಕ್ಷದ ವಿಮೆ ಎಂದು ಆ ಲೆಕ್ಕದಲ್ಲಿ ಕೋಣೆ ಆರಿಸಿಕೊಳ್ಳಬೇಡಿ.

ನೆಗಡಿಗೂ ರಜೆ ಏಕೆ

ಕಾಯಿಲೆ ರಜೆಯ ವಿಷಯದಲ್ಲಿ ಮನೆಯವರಿಗೆ ಅರ್ಥವಾಗದ ಸಂಗತಿ ಇದು: ಬರೀ ನೆಗಡಿಗೆ ಯಾಕೆ ಕೆಲಸ ಬಿಡಬೇಕು? ಹಾರುವಾಗ ವಿಮಾನದ ಒಳಗಿನ ಗಾಳಿಯ ಒತ್ತಡ ಸುಮಾರು 6,000ದಿಂದ 8,000 ಅಡಿ ಎತ್ತರದ ಬೆಟ್ಟದ ಮೇಲಿನಷ್ಟಿರುತ್ತದೆ. ಮೈಸೂರಿನಿಂದ ಊಟಿಗೆ ಹತ್ತಿ ಇಳಿದಂತೆ, ಆದರೆ ಅರ್ಧ ಗಂಟೆಯೊಳಗೆ, ಅದೂ ದಿನಕ್ಕೆ ನಾಲ್ಕು ಸಲ. ಮೂಗು ಕಟ್ಟಿದ್ದರೆ ಕಿವಿಯ ಒಳಗಿನ ನಾಳ ತೆರೆಯದೆ, ವಿಮಾನ ಇಳಿಯುವಾಗ ಒತ್ತಡ ಸರಿಹೋಗದೆ, ಕಿವಿಯ ತಮಟೆಗೆ ಪೆಟ್ಟಾಗುತ್ತದೆ. ಮೂರು ದಿನದಲ್ಲಿ ಹೋಗುತ್ತಿದ್ದ ನೆಗಡಿ ಹಲವು ವಾರ ಹಾರಲಾಗದ ಕಿವಿನೋವಾಗುತ್ತದೆ. ಮಾತ್ರೆ ನುಂಗಿ ಹೋಗೋಣವೆಂದರೆ ನಿದ್ದೆ ತರಿಸುವ ಔಷಧಕ್ಕೆ ಅವಕಾಶವಿಲ್ಲ. ಆಲ್ಕೊಹಾಲ್ ಇರುವ ಕೆಮ್ಮಿನ ಸಿರಪ್, ಅರಿಷ್ಟ, ಮೌತ್‌ವಾಶ್ ಉಸಿರು ಪರೀಕ್ಷೆಯಲ್ಲಿ ಕಾಣಿಸಿಕೊಳ್ಳಬಹುದು. ಮೊದಲ ಸಲ ಸಿಕ್ಕಿಬಿದ್ದರೇ ಮೂರು ತಿಂಗಳು ಹಾರಾಟವಿಲ್ಲ. ಅಜ್ಜಿ ಪ್ರೀತಿಯಿಂದ ಕೊಟ್ಟ ದಶಮೂಲಾರಿಷ್ಟವೂ ಆ ಯಂತ್ರಕ್ಕೆ ಮದ್ಯವೇ.

ವೈದ್ಯರ ಚೀಟಿಯಲ್ಲಿ ‘ವಿಶ್ರಾಂತಿ ಬೇಕು’ ಎಂದಷ್ಟೇ ಬರೆಸಿದರೆ ಸಾಲದು. ಹಾರಾಟದ ಕೆಲಸಕ್ಕೆ ಅನರ್ಹ, ಇಂಥ ದಿನದಿಂದ ಇಂಥ ದಿನದವರೆಗೆ ಎಂದಿರಬೇಕು. ವಾಪಸ್ ಹೋಗುವಾಗ ಅರ್ಹತೆಯ ಪತ್ರ ಬೇರೆ. ಡ್ಯೂಟಿಗೆ ಎಷ್ಟು ಗಂಟೆ ಮೊದಲು ತಿಳಿಸಬೇಕೆಂಬುದು ಕಂಪನಿಯ ನಿಯಮದಲ್ಲಿರುತ್ತದೆ. ಅದು ದಾಟಿದರೆ ಕಾಯಿಲೆ ನಿಜವಾದರೂ ಗೈರುಹಾಜರಿ ಎಂದೇ ಬೀಳುತ್ತದೆ. ದಸರಾ, ದೀಪಾವಳಿಯಂಥ ಕಾಲದಲ್ಲಿ ರಜೆ ಹಾಕಿದರೆ ಅನುಮಾನದಿಂದ ನೋಡುತ್ತಾರೆ, ಬೇಸ್‌ನಲ್ಲಿರುವ ಕಂಪನಿ ವೈದ್ಯರ ಮುಂದೆ ಹಾಜರಾಗಲು ಹೇಳಬಹುದು. 2024ರ ಮೇ ತಿಂಗಳಲ್ಲಿ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ ಸಿಬ್ಬಂದಿ ಸಾಮೂಹಿಕವಾಗಿ ಕಾಯಿಲೆ ರಜೆ ಹಾಕಿದಾಗ ಕಂಪನಿ 25 ಜನರನ್ನು ವಜಾ ಮಾಡಿತ್ತು. ದೆಹಲಿಯಲ್ಲಿ ಕೇಂದ್ರದ ಮುಖ್ಯ ಕಾರ್ಮಿಕ ಆಯುಕ್ತರ ಮುಂದೆ ಮಾತುಕತೆಯಾಗಿ ಅವರನ್ನು ವಾಪಸ್ ತೆಗೆದುಕೊಳ್ಳಲಾಯಿತು. ವಿಮಾನ ಸಾರಿಗೆ ಕೇಂದ್ರ ಸರ್ಕಾರದ ವ್ಯಾಪ್ತಿಯದು ಎಂಬುದಕ್ಕೆ ಇದೇ ಗುರುತು. ದೂರು ಒಯ್ಯಬೇಕಾದದ್ದು ಮೈಸೂರಿನ ಜಿಲ್ಲಾ ಕಾರ್ಮಿಕ ಅಧಿಕಾರಿಯ ಬಳಿಗಲ್ಲ, ಬೆಂಗಳೂರಿನಲ್ಲಿರುವ ಕೇಂದ್ರ ಕಾರ್ಮಿಕ ಆಯುಕ್ತರ ಕಚೇರಿಗೆ.

ಕೆಲಸದಲ್ಲೇ ಆದ ಗಾಯವನ್ನು ಕಾಯಿಲೆ ರಜೆಗೆ ಹಾಕುವುದು ದೊಡ್ಡ ತಪ್ಪು. ವಿಮಾನ ಕುಲುಕಿ ಬಿದ್ದು ಕಾಲು ಉಳುಕಿತು, ಟ್ರಾಲಿ ಎಳೆದು ಸೊಂಟ ಹಿಡಿಯಿತು, ಬಿಸಿನೀರು ಚೆಲ್ಲಿತು. ಇವೆಲ್ಲ ಕಾರ್ಮಿಕ ಪರಿಹಾರದ ಕಾನೂನಿಗೆ ಸೇರುತ್ತವೆ. ವಿಮಾನದ ಸಿಬ್ಬಂದಿ ಆ ಕಾನೂನಿನಲ್ಲಿ ಹೆಸರಿಸಿಯೇ ಸೇರಿದ್ದಾರೆ. ಚಿಕಿತ್ಸೆಯ ಖರ್ಚು ಕಂಪನಿಯದು, ತಾತ್ಕಾಲಿಕವಾಗಿ ಕೆಲಸ ಮಾಡಲಾಗದಿದ್ದರೆ ಹದಿನೈದು ದಿನಕ್ಕೊಮ್ಮೆ ತಿಂಗಳ ವೇತನದ ಶೇ. 25ರಷ್ಟು ಪಾವತಿ. ಆದರೆ ಅದೇ ದಿನ ಸೀನಿಯರ್ ಮೂಲಕ ಘಟನೆಯ ವರದಿ ಬರೆಸಿರಬೇಕು. ‘ನಾಳೆ ನೋಡೋಣ’ ಎಂದು ಮನೆಗೆ ಬಂದು, ಮೂರನೇ ದಿನ ನೋವು ಹೆಚ್ಚಾಗಿ ಕಾಯಿಲೆ ರಜೆ ಹಾಕಿದರೆ, ಅದು ವಿಮಾನದಲ್ಲೇ ಆದದ್ದೆಂದು ತೋರಿಸುವುದು ಕಷ್ಟ.

ಅಪ್ಪ-ಅಮ್ಮನ ಆರೈಕೆಗೆ, ಗಂಡಸರಿಗೆ

ಇಲ್ಲಿ ಹೇಳಲು ಹೆಚ್ಚಿಲ್ಲ, ಏಕೆಂದರೆ ಕಾನೂನಿನಲ್ಲೇ ಹೆಚ್ಚಿಲ್ಲ. ಖಾಸಗಿ ಕಂಪನಿಯ ಗಂಡಸರಿಗೆ ಪಿತೃತ್ವ ರಜೆ ಕಡ್ಡಾಯವೆನ್ನುವ ಕೇಂದ್ರ ಕಾನೂನಿಲ್ಲ, ಕಂಪನಿ ಕೊಟ್ಟರೆ ಉಂಟು. ಅಪ್ಪನ ಆಪರೇಷನ್, ಅಮ್ಮನ ಕೀಮೋ ಇಂಥದ್ದಕ್ಕೆ ಗಳಿಕೆ ರಜೆ, ಆಮೇಲೆ ಸಂಬಳವಿಲ್ಲದ ರಜೆ. ಅಮೆರಿಕದಲ್ಲಿ ಮನೆಯವರ ಆರೈಕೆಗೂ ಸೇರಿ ರಜೆಯ ಕಾನೂನು 1993ರಲ್ಲಿ ಬಂತು, ಅದೂ ಸಂಬಳವಿಲ್ಲದ್ದು. ವರ್ಷಕ್ಕೆ 1,250 ಗಂಟೆ ಕೆಲಸ ಮಾಡಿರಬೇಕೆಂಬ ಷರತ್ತಿನಿಂದ ವಿಮಾನ ಸಿಬ್ಬಂದಿ ಅದರಿಂದ ಹೊರಗುಳಿದಿದ್ದರು. ಹಾರಾಟದ ಗಂಟೆ ಅಷ್ಟಾಗುವುದಿಲ್ಲವಲ್ಲ. 2009ರಲ್ಲಿ ತಿದ್ದುಪಡಿ ಮಾಡಿ 504 ಗಂಟೆ ಮತ್ತು ತಿಂಗಳಿಗೆ ಇಷ್ಟು ಎಂದು ಕಂಪನಿ ಖಾತರಿ ಕೊಡುವ ಗಂಟೆಗಳ ಶೇ. 60 ಎಂದು ಬೇರೆ ಅಳತೆ ಇಟ್ಟರು. ನಮ್ಮ 80 ದಿನದ ಷರತ್ತಿಗೆ ಅಂಥ ಬೇರೆ ಅಳತೆ ಬಂದಿಲ್ಲ.

ಕೊಲ್ಲಿ ದೇಶದ ಕಂಪನಿಗೆ ಹೋದವರಿಗೆ ಭಾರತದ 26 ವಾರ ಅನ್ವಯಿಸುವುದಿಲ್ಲ. ಯುಎಇಯ ಕಾರ್ಮಿಕ ಕಾನೂನಿನಲ್ಲಿ ಹೆರಿಗೆಗೆ 60 ದಿನ: 45 ಪೂರ್ತಿ ಸಂಬಳ, 15 ಅರ್ಧ. ಕಾಯಿಲೆ ರಜೆ 90 ದಿನದವರೆಗೆ: 15 ಪೂರ್ತಿ, 30 ಅರ್ಧ, 45 ಸಂಬಳವಿಲ್ಲದೆ.

ಗಗನಸಖಿಯಲ್ಲ, ಮೈಸೂರಿನ ಮಂಡಕಳ್ಳಿಯಲ್ಲೋ ಬೆಂಗಳೂರಿನಲ್ಲೋ ವಿಮಾನ ನಿಲ್ದಾಣದ ಕೌಂಟರ್‌ನಲ್ಲಿ ಕೆಲಸ ಎನ್ನುವವರು ಇಎಸ್‌ಐ (ನೌಕರರ ರಾಜ್ಯ ವಿಮೆ) ನೋಡಿಕೊಳ್ಳಿ. ತಿಂಗಳ ವೇತನ 21,000 ರೂಪಾಯಿಯೊಳಗಿದ್ದರೆ ಅದರ ಶೇ. 0.75 ಕಡಿತವಾಗುತ್ತದೆ, ಕಂಪನಿ ಶೇ. 3.25 ಹಾಕುತ್ತದೆ. ಆರು ತಿಂಗಳ ವಂತಿಗೆ ಅವಧಿಯಲ್ಲಿ 78 ದಿನದ ವಂತಿಗೆ ಇದ್ದರೆ ಕಾಯಿಲೆಗೆ ವರ್ಷಕ್ಕೆ 91 ದಿನದವರೆಗೆ ವೇತನದ ಶೇ. 70. ಹೆರಿಗೆಗೆ 26 ವಾರ ಪೂರ್ತಿ. ಆ ಹಣ ಇಎಸ್‌ಐ ನಿಗಮದಿಂದ ಬರುತ್ತದೆ, ಕಂಪನಿಯಿಂದಲ್ಲ. ನಡುವೆ ಸಂಬಳ 21,000 ದಾಟಿದರೂ ಆ ವಂತಿಗೆ ಅವಧಿ ಮುಗಿಯುವವರೆಗೆ ವಂತಿಗೆ ಮುಂದುವರಿಯಬೇಕು. ಬಡ್ತಿ ಕೊಟ್ಟ ತಿಂಗಳೇ ನಿಲ್ಲಿಸಿದ್ದರೆ ಪ್ರಶ್ನಿಸಿ.

ವಾಪಸ್ ಹೋಗುವ ದಿನ

182 ದಿನ ಮುಗಿದ ಮರುದಿನವೇ ವಿಮಾನ ಹತ್ತಲಾಗುವುದಿಲ್ಲ. ವೈದ್ಯಕೀಯ ತಪಾಸಣೆ, ಕಂಪನಿಯ ತೂಕದ ನಿಯಮ, ಪ್ರತಿ ವರ್ಷದ ಸುರಕ್ಷತಾ ತರಬೇತಿಯ ಅವಧಿ ಮುಗಿದಿದ್ದರೆ ಮರುತರಬೇತಿ, ವಿಮಾನ ನಿಲ್ದಾಣದ ಪ್ರವೇಶ ಪಾಸ್. ಇವೆಲ್ಲ ಮುಗಿದು ರೋಸ್ಟರ್‌ನಲ್ಲಿ ಹೆಸರು ಬರುವವರೆಗೆ ಹಾರಾಟದ ಭತ್ಯೆ ಇಲ್ಲ, ಬದಲಾಗದ ಭಾಗ ಮಾತ್ರ. ತರಬೇತಿಯ ಬ್ಯಾಚ್ ತಪ್ಪಿದರೆ ಮುಂದಿನದಕ್ಕೆ ಕಾಯಬೇಕು. ರಜೆ ಮುಗಿಯಲು ಆರು ವಾರ ಇರುವಾಗಲೇ ತಪಾಸಣೆ ಮತ್ತು ತರಬೇತಿಯ ದಿನಾಂಕ ಕೇಳಿ ಇಮೇಲ್ ಹಾಕಿ. ಕಂಪನಿ ಕಡೆಯಿಂದ ತಡವಾದರೆ ಆ ದಿನಗಳಿಗೆ ಸಂಬಳವಿಲ್ಲದ ರಜೆ ಎಂದು ಬರೆಯದಂತೆ ಆ ಇಮೇಲೇ ಆಧಾರ. ಮಗುವಿಗೆ 15 ತಿಂಗಳಾಗುವವರೆಗೆ ದಿನಕ್ಕೆ ಎರಡು ಸಲ ಹಾಲೂಡಿಸುವ ಬಿಡುವು, 50 ಜನರಿರುವ ಕಡೆ ಶಿಶುಪಾಲನಾ ಕೇಂದ್ರ ಎಂದೆಲ್ಲ ಕಾನೂನಿನಲ್ಲಿದೆ. ಆಕಾಶದಲ್ಲಿರುವವಳಿಗೆ ಅದರಿಂದ ಪ್ರಯೋಜನವಿಲ್ಲ. ಅದರ ಬದಲು ರಾತ್ರಿ ತಂಗುವ ಲೇಓವರ್ ಇಲ್ಲದ, ಬೆಳಗ್ಗೆ ಹೋಗಿ ಸಂಜೆಗೆ ಬೇಸ್‌ಗೆ ಮರಳುವ ರೋಸ್ಟರ್ ಕೆಲವು ತಿಂಗಳ ಮಟ್ಟಿಗೆ ಕೊಡಿ ಎಂದು ಕೇಳಬಹುದು. ಲೇಓವರ್ ಭತ್ಯೆ ಹೋಗುತ್ತದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿದುಕೊಂಡೇ ಕೇಳಿ.